ಅಟ್ಟದ ಕೆಳಗೆ ಬೀಡಿ ಹಚ್ಚಬಾರದು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಆ ದಿನ ಮಳೆ ಹಿಡಿದಿತ್ತು ಎಂದು ನನ್ನ ನೆನಪು ಹೇಳುತ್ತದೆ; ಡೈರಿಯಲ್ಲಿ ಬಿಸಿಲು ಎಂದಿದೆ. ಅಪ್ಪ ನನ್ನ ಎಡಕ್ಕೆ ಕುಳಿತಿದ್ದರು ಎಂದುಕೊಂಡಿದ್ದೆ. ಆದರೆ ಆ ಕ್ಲಿನಿಕ್ಕಿನಲ್ಲಿ ಎಡಕ್ಕೆ ಗೋಡೆಯಿತ್ತು, ಕುರ್ಚಿ ಹಾಕುವಷ್ಟು ಜಾಗ ಇರಲಿಲ್ಲ. ಹೋದ ವರ್ಷ ಮತ್ತೆ ಹೋಗಿ ನೋಡಿಕೊಂಡು ಬಂದೆ. ಈಗ ಅಲ್ಲಿ ಮೊಬೈಲ್ ಅಂಗಡಿಯಿದೆ. ಗೋಡೆ ಮಾತ್ರ ಅದೇ.

ಕಾಲೇಜಿನ ದಿನಗಳಿಂದಲೂ ಡೈರಿ ಬರೆಯುವ ಅಭ್ಯಾಸ ನನಗಿದೆ. ಏನು ಅಡುಗೆ ಮಾಡಿದೆ, ಯಾವ ಬಸ್ಸು ತಪ್ಪಿತು ಎಂಬುದನ್ನೂ ಬಿಡುವುದಿಲ್ಲ. ಆ ದಿನದ್ದು ಮೂರೇ ಸಾಲು. ‘ಮಗುವಿಗೆ ಮತ್ತೆ ಉಬ್ಬಸ. ತಿಪಟೂರಿನಲ್ಲೇ ತೋರಿಸಿದೆವು. ಅಪ್ಪ ಜೊತೆಗಿದ್ದರು. ಬಿಸಿಲು.’ ಬಿಸಿಲನ್ನು ಮೂರನೆಯ ಸಾಲಿನ ಕೊನೆಗೆ, ಜಾಗ ತುಂಬಿಸಲೆಂಬಂತೆ ಬರೆದಿದ್ದೇನೆ. ಡಾಕ್ಟರು ಕೇಳಿದ ಪ್ರಶ್ನೆ ಅಲ್ಲಿಲ್ಲ, ನಾನು ಕೊಟ್ಟ ಉತ್ತರವೂ ಇಲ್ಲ. ನಾನು ಚರಿತ್ರೆ ಪಾಠ ಮಾಡುವವಳು. ದಾಖಲೆ ಎಲ್ಲಿ ಸುಮ್ಮನಾಗುತ್ತದೋ ಅಲ್ಲಿ ಬರೆಯುವವರ ಕೈಯನ್ನು ಯಾವುದು ತಡೆಯಿತು ಎಂದು ಕೇಳಿಕೊಳ್ಳಿ ಅಂತ ಪ್ರತಿ ವರ್ಷ ಹುಡುಗ ಹುಡುಗಿಯರಿಗೆ ಹೇಳುತ್ತೇನೆ.

ಡಾಕ್ಟರು ಕೇಳಿದ್ದು ಇಷ್ಟು: “ಮನೇಲಿ ಯಾರಾದ್ರೂ ಬೀಡಿ, ಸಿಗರೇಟು ಸೇದ್ತಾರಾ?”

ನಾನು “ಇಲ್ಲ” ಎಂದೆ. ಅಥವಾ “ಒಳಗೆ ಯಾರೂ ಇಲ್ಲ” ಎಂದೆ. ಈ ಎರಡನೆಯದನ್ನೇ ಹೇಳಿದ್ದೆನೆಂದು ನಂಬಲು ಒಂಬತ್ತು ವರ್ಷಗಳಿಂದ ಪ್ರಯತ್ನಪಡುತ್ತಿದ್ದೇನೆ. ಅದು ಕೂಡ ಸುಳ್ಳೇ, ಆದರೆ ಸ್ವಲ್ಪ ಚಿಕ್ಕದು. ನನ್ನ ಮಗಳಿಗೆ ಆಗ ಎರಡು ತುಂಬಿರಲಿಲ್ಲ. ನನ್ನ ತೊಡೆಯ ಮೇಲೆ, ಮೂಗಿಗೆ ಮಾಸ್ಕು ಹಿಡಿಸಿಕೊಂಡು, ಅದರೊಳಗಿನ ಬಿಳಿ ಹಬೆಯನ್ನು ಕಣ್ಣು ಕೂಡಿಸಿ ನೋಡುತ್ತಿದ್ದಳು. ಇದು ಖಚಿತವಾಗಿ ನೆನಪಿದೆ.

ನಮ್ಮೂರು ಹಂದನಕೆರೆಯ ಕಡೆ. ತಿಪಟೂರಿನಿಂದ ಎರಡು ಬಸ್ಸು ಹತ್ತಬೇಕು. ತಿಪಟೂರಿನ ಕಾಲೇಜಿನಲ್ಲಿ ನನ್ನ ಕೆಲಸ, ಗಂಡನಿಗೆ ಬೇರೆ ಜಿಲ್ಲೆಯಲ್ಲಿ. ಹೆರಿಗೆ ರಜೆ ಮುಗಿದಾಗ ಮಗಳಿಗೆ ಆರು ತಿಂಗಳು. ಅವಳನ್ನು ಅಪ್ಪ ಅಮ್ಮನ ಕೈಗೆ ಕೊಟ್ಟು ಸೋಮವಾರ ಬೆಳಗಿನ ಬಸ್ಸಿಗೆ ಹೋಗುತ್ತಿದ್ದೆ, ಶುಕ್ರವಾರ ಸಂಜೆಯ ಬಸ್ಸಿಗೆ ಬರುತ್ತಿದ್ದೆ. ಹೀಗೆ ಮೂರು ವರ್ಷ. ಅಂದರೆ ಆ ಮನೆಯಲ್ಲಿ ನಡೆದದ್ದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ನಾನು ನೋಡಿಲ್ಲ. ನೋಡಿದ ಅರ್ಧವೇ ಸಾಕಾಗಿತ್ತು ಎಂಬುದು ಬೇರೆ ಮಾತು.

ಮನೆಯ ಮುಂಭಾಗವೆಲ್ಲ ಅಟ್ಟದ ಕೆಳಗೆ. ಪಡಸಾಲೆಯ ಮೇಲೆ ತೆಂಗಿನ ತೊಲೆ, ತೊಲೆಯ ಮೇಲೆ ಬಿದಿರ ಗಳ, ಗಳದ ಮೇಲೆ ಸಿಪ್ಪೆ ಸಮೇತ ತೆಂಗಿನಕಾಯಿ. ನಮ್ಮ ಕಡೆ ಕೊಬ್ಬರಿ ಆಗುವುದು ಹೀಗೇ. ಕಾಯಿಯನ್ನು ಒಡೆದು ಬಿಸಿಲಿಗೆ ಹಾಕುವುದಿಲ್ಲ. ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಮರೆತುಬಿಡಬೇಕು. ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗುಡುಗುಡು ಎನ್ನುವವರೆಗೆ ಅದು ಅಲ್ಲೇ ಇರಬೇಕು. ಅಷ್ಟು ದಿನದಲ್ಲಿ ಸಿಪ್ಪೆಯ ನಾರು ಒಣಗಿ ಬತ್ತಿಯಂತಾಗಿರುತ್ತದೆ. ಒಂದು ಕಿಡಿ ಸಾಕು. ನಾನು ಹುಟ್ಟುವ ಮುಂಚೆ ನಮ್ಮ ಬೀದಿಯಲ್ಲೇ ಒಂದು ಅಟ್ಟ ಹೊತ್ತಿಕೊಂಡು ಮನೆಯೇ ಹೋಗಿತ್ತಂತೆ. ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಕಟ್ಟಳೆ: ಅಟ್ಟದ ಕೆಳಗೆ ಬೀಡಿ ಹಚ್ಚಬಾರದು.

ಅಪ್ಪ ಹೆಚ್ಚು ಕಟ್ಟಳೆಗಳ ಮನುಷ್ಯನಲ್ಲ. ಇದೊಂದರಲ್ಲಿ ಮಾತ್ರ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಕೊಬ್ಬರಿ ವ್ಯಾಪಾರಿ ಬೀಡಿ ಕಚ್ಚಿಕೊಂಡು ಹೊಸಿಲಿಗೆ ಬಂದರೆ, “ಮೊದ್ಲು ಅದ್ನ ಆಚೆ ಬಿಸಾಕಿ ಬಾರಯ್ಯ. ಮ್ಯಾಲೆ ಒಂದ್ ವರ್ಷದ ಅನ್ನ ಐತೆ” ಎನ್ನುತ್ತಿದ್ದರು.

ಅಪ್ಪನೂ ಬೀಡಿ ಸೇದುತ್ತಿದ್ದರು. ಹದಿನೈದು ವರ್ಷದ ಹುಡುಗನಿದ್ದಾಗಿನಿಂದ. ತೋಟದಲ್ಲಿ ತೊಂದರೆಯಿಲ್ಲ, ಬಯಲು. ಮನೆಗೆ ಬಂದರೆ ಪಡಸಾಲೆಯಲ್ಲಿ ಅಟ್ಟ, ಅಂಗಳದಲ್ಲಿ ಸಿಪ್ಪೆಯ ಗುಡ್ಡೆ, ಕೊಟ್ಟಿಗೆಯಲ್ಲಿ ಹುಲ್ಲು. ಬೆಂಕಿಗೆ ಹೆದರಬೇಕಿಲ್ಲದ ಜಾಗ ಆ ಮನೆಯಲ್ಲಿ ಒಂದೇ ಇತ್ತು, ಒಳಗಿನ ಹಳೆಯ ಕೋಣೆ ಕೆಡವಿ, ನನ್ನ ಬಾಣಂತನಕ್ಕೆಂದು ಅವರೇ ಮುಂದೆ ನಿಂತು ಕಟ್ಟಿಸಿದ ಸಿಮೆಂಟ್ ತಾರಸಿಯ ಕೋಣೆ. ಗಾಳಿ ತಗಲಬಾರದೆಂದು ಅಮ್ಮ ಅದರ ಕಿಟಕಿಗೆ ಹಳೆಯ ಕಂಬಳಿ ಕಟ್ಟಿದ್ದಳು. ತೊಟ್ಟಿಲು ಇದ್ದದ್ದು ಅಲ್ಲಿ. ಅಪ್ಪ ಬೀಡಿ ಸೇದುತ್ತಿದ್ದದ್ದೂ ಅಲ್ಲೇ.

ನಮ್ಮ ಮನೆಯಲ್ಲಿ ಕೊಬ್ಬರಿಯನ್ನು ಬೀಡಿಯಿಂದ ಕಾಪಾಡಿದ್ದು ಹೀಗೆ. ಈ ವಾಕ್ಯವನ್ನು ನಾಲ್ಕು ಸಲ ಹೊಡೆದುಹಾಕಿ ಮತ್ತೆ ಬರೆದಿದ್ದೇನೆ. ಆಗ ಹೀಗೆ ಯೋಚಿಸಿದ್ದೆ ಎಂದು ಯಾರೂ ತಿಳಿಯಬಾರದು. ಆಗ ನಾನು ಯೋಚಿಸಿದ್ದು ಬೇರೆ. ಅದಕ್ಕೆ ಸಾಕ್ಷಿಯಿದೆ.

ಒಂದು ಭಾನುವಾರ ಮಧ್ಯಾಹ್ನ ಅಪ್ಪ ಆ ಕೋಣೆಯಲ್ಲಿ ಕೆಳಗೆ ಕುಳಿತು, ಒಂದು ಕೈಯಲ್ಲಿ ತೊಟ್ಟಿಲ ಹಗ್ಗ ಎಳೆಯುತ್ತಿದ್ದರು, ಇನ್ನೊಂದರಲ್ಲಿ ಬೀಡಿ. ಮಗು ತೊಟ್ಟಿಲ ಅಂಚು ಹಿಡಿದು ಅವರನ್ನೇ ನೋಡಿ ನಗುತ್ತಿತ್ತು. ಅಪ್ಪನೂ ನಗುತ್ತಿದ್ದರು, ಫೋಟೋ ಎಂದರೆ ಮುಖ ಬಿಗಿಯುವವರು. ಕಂಬಳಿಯ ತೂತಿನಿಂದ ಬಂದ ಬಿಸಿಲಿನ ಕೋಲಿನಲ್ಲಿ ಹೊಗೆ ನೀಲಿಯಾಗಿ, ನಿಧಾನವಾಗಿ ಮೇಲೇರುತ್ತಿತ್ತು. ನಾನು ಫೋನು ತೆಗೆದು ಚಿತ್ರ ಹಿಡಿದೆ. ಎಷ್ಟು ಚೆನ್ನಾಗಿದೆ ಎಂದು ಗಂಡನಿಗೆ ಕಳಿಸಿದೆ. ಅವರೂ ಹಾಗೇ ಹೇಳಿದರು. ತಿಂಗಳುಗಟ್ಟಲೆ ನನ್ನ ಫೋನು ತೆರೆದರೆ ಅದೇ ಚಿತ್ರ. ಡಾಕ್ಟರು ಆ ಪ್ರಶ್ನೆ ಕೇಳಿದಾಗ ಫೋನು ನನ್ನ ಕೈಚೀಲದಲ್ಲಿತ್ತು.

ಮಗುವಿಗೆ ಮೊದಲು ಬಂದದ್ದು ಕಿವಿ ಸೋರುವುದು. ಅಮ್ಮ ಮನೆಯ ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ಬಿಟ್ಟಳು. ಆಮೇಲೆ ನೆಗಡಿ. ನೆಗಡಿ ಎದೆಗಿಳಿಯಿತು. ಮಲಗಿದರೆ ಎದೆಯಲ್ಲಿ ಬೆಕ್ಕು ಗುರುಗುಟ್ಟಿದಂತೆ. ತಿಂಗಳಿಗೊಮ್ಮೆ, ಕೆಲವು ತಿಂಗಳು ಎರಡು ಸಲ. ಕಾರಣಗಳಿಗೆ ಬರವಿರಲಿಲ್ಲ. ಎಳನೀರು ಶೀತ, ಬಾಳೆಹಣ್ಣು ಶೀತ, ನಾನು ಬಸ್ಸಿನಲ್ಲಿ ಬಂದು ಕೈಕಾಲು ತೊಳೆಯದೆ ಎತ್ತಿಕೊಂಡದ್ದು, ದೃಷ್ಟಿ. ಅಮ್ಮ ಪ್ರತಿ ಸ್ನಾನವಾದ ಮೇಲೆ ಕರಟದ ಕೆಂಡಕ್ಕೆ ಸಾಂಬ್ರಾಣಿ ಹಾಕಿ, ಮಗುವನ್ನು ಮಗುಚಿ ಹಿಡಿದು, ಹೊಗೆಗೆ ಒಡ್ಡುತ್ತಿದ್ದಳು. ಕೆಮ್ಮು ಜಾಸ್ತಿಯಾದಷ್ಟೂ ಸಾಂಬ್ರಾಣಿ ಜಾಸ್ತಿ.

“ಅಮ್ಮ, ಹೊಗೆಯಿಂದಲೇ ಕೆಮ್ಮು ಬರ್ತಿರಬಹುದು” ಎಂದು ಒಂದು ಸಲ ಹೇಳಿದೆ.

“ಹೊಗೆ ಎದೆ ಬೆಚ್ಚಗಿಡ್ತದೆ ಕಣೇ. ನಿಂಗೂ ಹಾಕಿದ್ದೆ. ಸತ್ತೋದ್ಯಾ? ಎಮ್ಮೆ ಓದ್ಕೊಂಡು ಬಂದು ನಂಗೇ ಪಾಠ ಹೇಳ್ತಾವ್ಳೆ.”

ಎಂ.ಎ. ಎನ್ನುವುದನ್ನು ಅಮ್ಮ ಬೇಕೆಂದೇ ಹಾಗೆ ಹೇಳುವುದು. ನಾನು ನಕ್ಕೆ. ಸಾಂಬ್ರಾಣಿಯ ಬಗ್ಗೆ ಇಷ್ಟಾದರೂ ಮಾತಾಡಿದೆ. ಬೀಡಿಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಅಪ್ಪ ನನ್ನ ಮಗುವನ್ನು ನೋಡಿಕೊಳ್ಳುತ್ತಿದ್ದರು. ವಾರಕ್ಕೆ ನಾಲ್ಕು ರಾತ್ರಿ ನಾನು ಇಲ್ಲದಾಗ ಎದ್ದು ಕೂರುತ್ತಿದ್ದವರು, ಹೆಗಲ ಮೇಲೆ ಹಾಕಿಕೊಂಡು ಅಂಗಳ ತಿರುಗುತ್ತಿದ್ದವರು ಅವರು. ಅಂಥವರಿಗೆ ನಿಮ್ಮ ಹೊಗೆ ಎಂದು ಹೇಗೆ ಹೇಳುವುದು? ಇದು ಕಾರಣವೋ ನೆಪವೋ ನನಗೆ ಇನ್ನೂ ಗೊತ್ತಾಗಿಲ್ಲ. ಹೇಳಿಬಿಟ್ಟರೆ ಮಗುವನ್ನು ಎಲ್ಲಿ ಬಿಡಬೇಕಾಗುತ್ತದೋ ಎಂಬ ಭಯವೂ ಇತ್ತು. ಆ ಭಯದ ಬಗ್ಗೆ ಡೈರಿಯಲ್ಲಿ ಎಲ್ಲೂ ಇಲ್ಲ.

ತಿಪಟೂರಿನ ಆ ಕ್ಲಿನಿಕ್ಕಿಗೆ ಅಪ್ಪನೇ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಂದಿದ್ದರು. ಡಾಕ್ಟರು ಪ್ರಶ್ನೆ ಕೇಳಿದರು, ನಾನು ಉತ್ತರ ಕೊಟ್ಟೆ. ಅಪ್ಪ ಆಗ ಗೋಡೆಯ ಮೇಲಿದ್ದ ಲಸಿಕೆಯ ಪಟ್ಟಿ ಓದುತ್ತಿದ್ದರು. ಓದುತ್ತಿದ್ದರೆಂದು ನನ್ನ ನೆನಪು. ಅವರಿಗೆ ಕನ್ನಡಕ ಇಲ್ಲದೆ ಅಷ್ಟು ದೂರದ್ದು ಕಾಣುತ್ತಿರಲಿಲ್ಲ.

“ಹಾಗಾದ್ರೆ ಧೂಳು?” ಎಂದರು ಡಾಕ್ಟರು.

ಇಲ್ಲಿ ನಾನು ಹೇಳಿದ್ದರ ಬಗ್ಗೆ ಅನುಮಾನವೇ ಇಲ್ಲ, ಯಾಕೆಂದರೆ ಮುಂದಿನದೆಲ್ಲ ಅದರಿಂದಲೇ ಆಯಿತು. ನಾನು ಉತ್ಸಾಹದಿಂದ ಅಟ್ಟದ ವಿಷಯ ಹೇಳಿದೆ. ಸಿಪ್ಪೆಯ ಪುಡಿ ಉದುರುವುದು, ಇಲಿ ಓಡಾಡಿದಾಗ ಗಳದ ಸಂದಿಯಿಂದ ಮಣ್ಣು ಸುರಿಯುವುದು, ಎಲ್ಲವನ್ನೂ ಹೇಳಿದೆ. ಪಡಸಾಲೆಯಲ್ಲಿ ಮಗು ಆಡುತ್ತದೆ ಎಂದೆ. ಡಾಕ್ಟರು ತಲೆಯಾಡಿಸಿ, ಧೂಳಿನಿಂದ ದೂರ ಇಡಿ ಎಂದು ಔಷಧಿ ಬರೆದರು. ಬಸ್‌ಸ್ಟ್ಯಾಂಡಿನವರೆಗೆ ಅಪ್ಪನೇ ಮಗುವನ್ನು ಎತ್ತಿಕೊಂಡು ನಡೆದರು. ಬಸ್ಸು ಹತ್ತುವಾಗ, “ಅಟ್ಟನಾ?” ಎಂದರು. “ಇರಬಹುದಪ್ಪ” ಎಂದೆ.

ಎರಡು ವಾರ ಕಳೆದು, ಒಂದು ರಜೆಯ ದಿನ ಬೆಳಿಗ್ಗೆ ನಾನು ಊರಿಗೆ ಹೋದಾಗ ಪಡಸಾಲೆಯ ಮುಂದೆ ಜನ. ಅಪ್ಪ ಅಟ್ಟ ಬಿಚ್ಚಿಸುತ್ತಿದ್ದರು. ಕಾಯಿ ಅಟ್ಟಕ್ಕೇರಿ ಇನ್ನೂ ಐದು ತಿಂಗಳಾಗಿತ್ತು ಅಷ್ಟೆ. ಅತ್ತ ಕಾಯಿಯೂ ಅಲ್ಲ, ಇತ್ತ ಕೊಬ್ಬರಿಯೂ ಅಲ್ಲ. ಒಂದನ್ನು ತೆಗೆದು ಅಲ್ಲಾಡಿಸಿ ನೋಡಿದೆ, ಒಳಗೆ ನೀರು ತುಳುಕಿತು. ಅಂಥದ್ದನ್ನು ಯಾರೂ ಇಳಿಸುವುದಿಲ್ಲ. ನೋಡಲೆಂದೇ ಪಕ್ಕದ ಮನೆಯ ಯಜಮಾನರು ಬಂದು ಜಗಲಿಗೆ ಒರಗಿದ್ದರು, ಅಪ್ಪನ ವಾರಿಗೆಯವರು.

“ಅಲ್ಲ ಕಣ್ಲಾ, ಮೊಮ್ಮಗಳು ಸೀನಿದ್ಲು ಅಂತ ಅಪ್ಪನ ಕಾಲದ ಅಟ್ಟ ಬಿಚ್ಚುಸ್ತಾ ಇದ್ದೀಯ. ನಾಳೆ ಕೆಮ್ಮಿದ್ರೆ ಮನೇನೇ ಕೆಡುವ್ತೀಯಾ?”

“ಕೆಡುವ್ತೀನಿ. ನಿಮ್ಮನೆ ಜಗಲಿ ಮ್ಯಾಲೆ ಬಂದು ಮಲಗ್ತೀವಿ ಬುಡು.”

“ಬಾ ಮತ್ತೆ. ನಮ್ಮನೇಲೂ ಅಟ್ಟ ಐತೆ. ಅದ್ನೂ ಬಿಚ್ಚುಸ್ಬುಟ್ಟೀಯ.”

ಎಲ್ಲರೂ ನಕ್ಕರು. ಅಪ್ಪನೂ ನಕ್ಕರು. ಧೂಳು ಹಾರುತ್ತದೆಂದು ಮಗುವನ್ನು ಅಮ್ಮ ಆ ತಾರಸಿಯ ಕೋಣೆಯೊಳಗೆ ಇಟ್ಟುಕೊಂಡು ಬಾಗಿಲು ಹಾಕಿದ್ದಳು. ತೊಲೆಗಳು ಇಳಿದವು. ಅವನ್ನು ಹಾಕಿಸಿದ್ದು ನನ್ನ ತಾತ. ಕಡೆಯ ತೊಲೆ ಇಳಿಸುವಾಗ ಅಪ್ಪ ತಾವೇ ಒಂದು ತುದಿ ಹಿಡಿದರು. ಕಾಯಿಗಳನ್ನು ಯಾರೋ ಎಣ್ಣೆ ಮಿಲ್ಲಿಗೆಂದು ಒಯ್ದರು. ಸಂಜೆಯ ಹೊತ್ತಿಗೆ ಪಡಸಾಲೆ ಬೇರೆಯವರ ಮನೆಯಂತೆ ಎತ್ತರವಾಗಿ, ಬೆಳಕಾಗಿ ಕಾಣುತ್ತಿತ್ತು. ಅಪ್ಪ ಮಗುವನ್ನು ತಂದು ಅಲ್ಲಿ ನಿಲ್ಲಿಸಿ, “ಈಗ ಆಡ್ಕೊ ಕಣಮ್ಮಿ. ಎಷ್ಟ್ ಬೇಕಾದ್ರೂ ಉಸ್ರಾಡು” ಎಂದರು. ಅವಳು ಮೇಲೆ ನೋಡಿ ಕೂಗಿದಳು. ದನಿ ತಿರುಗಿ ಬಂತು. ಮತ್ತೆ ಮತ್ತೆ ಕೂಗಿದಳು.

ಆಮೇಲೆ ಅಪ್ಪ ದಣಿವಿಗೆ ಗೋಡೆಗೆ ಒರಗಿ ಕುಳಿತು, ಅಭ್ಯಾಸದಂತೆ ಎದ್ದು ಕೋಣೆಯ ಕಡೆ ಹೊರಟವರು ನಿಂತರು. ಮೇಲೆ ನೋಡಿದರು. ಮತ್ತೆ ಅಲ್ಲೇ ಕುಳಿತು ಬೀಡಿ ಹಚ್ಚಿದರು. ಅಟ್ಟವೇ ಇಲ್ಲದ ಮೇಲೆ ಅಟ್ಟದ ಕಟ್ಟಳೆ ಎಲ್ಲಿಯದು. ಐವತ್ತು ವರ್ಷಗಳಲ್ಲಿ ಆ ಪಡಸಾಲೆಯಲ್ಲಿ ಹಚ್ಚಿದ ಮೊದಲ ಬೀಡಿ ಇರಬೇಕು ಅದು. ಮಗು ಅವರ ತೊಡೆಯ ಮೇಲಿತ್ತು. ನಾನು ಎದುರಿಗೆ ಕಾಫಿ ಕುಡಿಯುತ್ತಾ ಕುಳಿತಿದ್ದೆ.

ಅಂದಿನಿಂದ ಆ ಮನೆಯಲ್ಲಿ ಹೊಗೆಯಿಲ್ಲದ ಜಾಗವೇ ಉಳಿಯಲಿಲ್ಲ.

ಮರುವರ್ಷದ ಚಳಿಗಾಲಕ್ಕೆ ಮಗಳಿಗೆ ಮೂರು ದಾಟಿತ್ತು. ಒಂದು ಗುರುವಾರ ತರಗತಿಯಲ್ಲಿದ್ದಾಗ ಅಮ್ಮನ ಫೋನು ಬಂತು. ಹಗಲಿನಲ್ಲಿ ಅಮ್ಮ ಫೋನು ಮಾಡುವವಳಲ್ಲ. “ತುಟಿ ಒಂಥರಾ ಆಗೈತೆ ಕಣೇ, ತುಟಿ” ಎಂದಳು. ಬಾಡಿಗೆ ಕಾರಿನಲ್ಲಿ ಅವರು ತಿಪಟೂರಿಗೆ ಬಂದರು, ಅಲ್ಲಿಂದ ತುಮಕೂರಿನ ದೊಡ್ಡ ಆಸ್ಪತ್ರೆಗೆ ಕಳಿಸಿದರು. ದಾರಿಯುದ್ದಕ್ಕೂ ನಾನು ಅವಳ ಪಕ್ಕೆಲುಬುಗಳ ನಡುವಿನ ಚರ್ಮ ಒಳಗೆ ಹೋಗುವುದನ್ನೇ ನೋಡುತ್ತಿದ್ದೆ. ಒಂದೊಂದು ಉಸಿರಿಗೂ ಅವಳು ಕೆಲಸ ಮಾಡುತ್ತಿದ್ದಳು. ಅಳುವುದಕ್ಕೆ ಉಸಿರು ಸಾಲದೆ ಸುಮ್ಮನಿದ್ದಳು. ಆ ಮೌನದ ಬಗ್ಗೆ ಡೈರಿಯಲ್ಲಿ ಒಂದು ಪುಟ ಬರೆದಿದ್ದೇನೆ. ಓದಲು ಆಗುವುದಿಲ್ಲ.

ಐದನೆಯ ದಿನಕ್ಕೆ ಮಗು ಹಾಸಿಗೆಯಲ್ಲಿ ಎದ್ದು ಕುಳಿತಿತು. ಆ ವಾರ್ಡಿನ ಡಾಕ್ಟರಮ್ಮ ಮಕ್ಕಳೊಂದಿಗೆ ಮಾತಾಡುವವರು. ಇನ್‌ಹೇಲರನ್ನು ಪ್ಲಾಸ್ಟಿಕ್ ಕೊಳವೆಗೆ ಸಿಕ್ಕಿಸಿ, ಹೇಗೆ ಎಳೆದುಕೊಳ್ಳಬೇಕು ಎಂದು ತೋರಿಸುತ್ತಿದ್ದರು. ಅಪ್ಪ ಮಂಚದ ಕಾಲ್ದೆಸೆಗೆ ನಿಂತಿದ್ದರು, ಅಮ್ಮ ಸ್ಟೂಲಿನ ಮೇಲೆ, ನಾನು ತಲೆಯ ಹತ್ತಿರ. ಮಗಳು ಕೊಳವೆಯನ್ನು ಎರಡು ಬೆರಳ ನಡುವೆ ಹಿಡಿದು, ಕೆನ್ನೆ ಒಳಗೆ ಎಳೆದುಕೊಂಡು, ಕಣ್ಣು ಕಿರಿದು ಮಾಡಿ, ತುಟಿ ಓರೆ ಮಾಡಿ ಬಿಟ್ಟಳು.

“ಅರೆ, ಯಾರು ಹೇಳ್ಕೊಟ್ರು ಇಷ್ಟು ಚೆನ್ನಾಗಿ?” ಎಂದರು ಡಾಕ್ಟರಮ್ಮ.

“ತಾತ ಹಿಂಗೆ ಸೇದ್ತಾರೆ. ನಾನೇ ಬೆಂಕಿಪೊಟ್ಟಣ ತಂದ್ಕೊಡೋದು.”

ಡಾಕ್ಟರಮ್ಮ ನಮ್ಮ ಮೂವರನ್ನೂ ನೋಡಿದರು. ಗದರಲಿಲ್ಲ. ಗದರಿದ್ದರೆ ಚೆನ್ನಾಗಿತ್ತು. ಅಪ್ಪನನ್ನು ಕೂರಿಸಿ ನಿಧಾನವಾಗಿ ಹೇಳಿದರು. ಮಗು ಬೀಡಿ ಸೇದಬೇಕಿಲ್ಲ, ಪಕ್ಕದಲ್ಲಿದ್ದರೆ ಸಾಕು, ಅದರ ಎದೆಗೂ ಅದೇ ಹೊಗೆ. ಮಕ್ಕಳ ಶ್ವಾಸನಾಳ ಸಣ್ಣದು, ಸ್ವಲ್ಪ ಊದಿಕೊಂಡರೂ ಮುಚ್ಚಿಹೋಗುತ್ತದೆ. ಕಿವಿ ಸೋರುವುದಕ್ಕೂ ಇದಕ್ಕೂ ಸಂಬಂಧ ಇರುತ್ತದೆ. ಸೇದಿ ಬಂದ ಮೇಲೂ ಬಟ್ಟೆಯಲ್ಲಿ, ಕೈಯಲ್ಲಿ, ಗೋಡೆಯಲ್ಲಿ ಅದು ಉಳಿಯುತ್ತದೆ. ಇವಳ ಉಬ್ಬಸಕ್ಕೆ ಇದೊಂದೇ ಕಾರಣ ಅಂತ ನಾನು ಹೇಳಲ್ಲ, ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಇರುತ್ತದೆ, ಆದರೆ ಇದು ಬೆಂಕಿಗೆ ಎಣ್ಣೆ ಹಾಕಿದ ಹಾಗೆ ಎಂದರು.

ಅಪ್ಪ ಕೊನೆಯವರೆಗೂ ಕೇಳಿದರು. ಆಮೇಲೆ, “ಹಂಗಾದ್ರೆ ಅಟ್ಟ?” ಎಂದರು.

“ಯಾವ ಅಟ್ಟ?” ಎಂದರು ಡಾಕ್ಟರಮ್ಮ.

ಅಪ್ಪ ನನ್ನ ಕಡೆ ನೋಡಿದರು. ಜೇಬಿನಿಂದ ಬೀಡಿಕಟ್ಟು ತೆಗೆದು ಮಂಚದ ಕೆಳಗಿನ ಕಸದ ಡಬ್ಬಿಗೆ ಹಾಕಿ ಹೊರಗೆ ಹೋದರು.

ಅಪ್ಪ ಮೂರು ಸಲ ಬೀಡಿ ಬಿಟ್ಟರು. ಮೊದಲ ಸಲ ನಲವತ್ತು ದಿನ, ಲವಂಗ ಅಗಿಯುತ್ತಾ. ಎರಡನೆಯ ಸಲ ಇನ್ನೂ ಕಡಿಮೆ. ಮೂರನೆಯದನ್ನು ಯಾರಿಗೂ ಹೇಳಲಿಲ್ಲ, ಸೋತ ಮೇಲೆ ನಮಗೆ ಗೊತ್ತಾಯಿತು. ಆದರೆ ಮನೆಯೊಳಗೆ ಮತ್ತೆ ಯಾವತ್ತೂ ಹಚ್ಚಲಿಲ್ಲ. ಮಗಳನ್ನು ನಾನು ತಿಪಟೂರಿಗೆ ಕರೆದುಕೊಂಡು ಬಂದು ಶಿಶುವಿಹಾರಕ್ಕೆ ಸೇರಿಸಿದ್ದೆ. ತಿಂಗಳಿಗೆರಡು ಸಲ ಊರಿಗೆ ಹೋದಾಗ ಅಪ್ಪ ತೋಟದ ಪಂಪ್‌ಮನೆಗೆ ಹಾಸಿಗೆ ಸಾಗಿಸಿರುತ್ತಿದ್ದರು. ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಇಟ್ಟು, ಒಗೆದ ಅಂಗಿ ಹಾಕಿಕೊಂಡು ಬಂದು ಅಂಗಳದ ಆಚೆ ತುದಿಯಲ್ಲಿ ಕೂರುತ್ತಿದ್ದರು. ಅಲ್ಲಿಂದಲೇ ಅವಳನ್ನು ಮಾತಾಡಿಸುತ್ತಿದ್ದರು.

“ತಾತ, ಎತ್ಕೊ.”

“ಬ್ಯಾಡ ಕಣಮ್ಮಿ. ನನ್ ಮೈ ವಾಸ್ನೆ.”

“ಸೋಪು ವಾಸ್ನೆ ಬರ್ತೈತೆ.”

“ಅದರೊಳಗೆ ಐತೆ. ನಿಂಗೆ ಗೊತ್ತಾಗಲ್ಲ.”

ಬಟ್ಟೆಯಲ್ಲೂ ಉಳಿಯುತ್ತದೆ ಎಂದು ಡಾಕ್ಟರಮ್ಮ ಹೇಳಿದ್ದನ್ನು ಅಪ್ಪ ಅಕ್ಷರಶಃ ಹಿಡಿದುಕೊಂಡರು. ಸ್ನಾನ ಮಾಡಿದ ಮೇಲೆ ಎತ್ತಿಕೊಳ್ಳಬಹುದು ಎಂದು ನಾನು ಹೇಳಿದೆ. ಎಷ್ಟು ಸಲ ಹೇಳಿದೆ? ಒಂದೋ ಎರಡೋ. ಹತ್ತು ಸಲ ಹೇಳಬೇಕಿತ್ತು. ಆದರೆ ಅವಳ ಎದೆ ಆ ದಿನಗಳಲ್ಲಿ ಸ್ವಲ್ಪ ಸುಧಾರಿಸಿತ್ತು, ಕಿವಿ ಸೋರುವುದು ನಿಂತೇಹೋಗಿತ್ತು. ಅಪ್ಪ ದೂರ ಕುಳಿತಿರುವುದು ನನ್ನೊಳಗೆ ಎಲ್ಲೋ ಒಂದು ಕಡೆ ಸಮಾಧಾನವಾಗಿತ್ತು. ಅದನ್ನು ಬರೆಯದಿದ್ದರೆ ಇಷ್ಟೆಲ್ಲ ಬರೆದದ್ದಕ್ಕೆ ಅರ್ಥವಿಲ್ಲ.

ಆರು ವರ್ಷ ಹಾಗೆ ಕಳೆಯಿತು. ಒಮ್ಮೆ, ನಾವಿಬ್ಬರೇ ತೋಟದಲ್ಲಿದ್ದಾಗ ಅಪ್ಪ, “ಅವತ್ತು ಡಾಕ್ಟ್ರಿಗೆ ಹೇಳ್ಬೋದಿತ್ತು ಕಣವ್ವ. ನಾನೇನು ಬೇಜಾರು ಮಾಡ್ಕೊತಿರ್ಲಿಲ್ಲ” ಎಂದರು. ಹಾಗೆಂದರೋ, ಅಥವಾ ಅವರು ಹಾಗೆ ಅನ್ನಬಹುದಿತ್ತು ಎಂದು ನಾನು ಎಷ್ಟೋ ಸಲ ಊಹಿಸಿಕೊಂಡು ಅದೇ ನೆನಪಾಗಿ ಕುಳಿತಿದೆಯೋ, ಹೇಳಲಾರೆ. ಡೈರಿಯಲ್ಲಿ ಇಲ್ಲ. ಕಾಲಡಿ ಒಣಗರಿ ಇತ್ತು, ತುಳಿದಾಗ ಸದ್ದಾಯಿತು. ಅಷ್ಟು ಮಾತ್ರ ಗಟ್ಟಿ.

ಅಪ್ಪ ಹೋಗಿ ಎರಡು ವರ್ಷವಾಯಿತು. ಮಗಳಿಗೆ ಈಗ ಹನ್ನೊಂದು. ಚಳಿಗಾಲ ಬಂದರೆ ಎರಡು ಹೊತ್ತು ಇನ್‌ಹೇಲರ್. ಶಾಲೆಯ ಆಟದ ದಿನ ನೆರಳಿನಲ್ಲಿ ಮೇಜು ಹಾಕಿಕೊಂಡು ಯಾರು ಮೊದಲು ಬಂದರು ಎಂದು ಬರೆದುಕೊಳ್ಳುವ ಕೆಲಸ ಅವಳಿಗೆ. ಚೆನ್ನಾಗಿ ಬರೆಯುತ್ತಾಳೆ. ಈ ಸಲ ಎರಡು ಸುತ್ತು ಓಡಿ ನೋಡಿದಳಂತೆ, ಮೂರನೆಯದಕ್ಕೆ ಬಗ್ಗಿ ನಿಂತಳಂತೆ. ದೊಡ್ಡವಳಾಗುತ್ತಾ ಕಡಿಮೆಯಾಗಬಹುದು ಎನ್ನುತ್ತಾರೆ ಡಾಕ್ಟರು. ಆ ಮೂರು ವರ್ಷ ಎದೆಯಲ್ಲಿ ಏನನ್ನು ಬಿಟ್ಟುಹೋಗಿದೆ ಎಂದು ಯಾರೂ ಬರೆದುಕೊಡುವುದಿಲ್ಲ.

ಹೋದ ತಿಂಗಳು ಊರಿನಲ್ಲಿ ಅಪ್ಪನ ಫೋಟೋ ದೊಡ್ಡದು ಮಾಡಿಸುವ ಮಾತು ಬಂತು. ಗೋಡೆಯ ಮೇಲಿರುವುದು ಗುರುತಿನ ಚೀಟಿಯಿಂದ ತೆಗೆಸಿದ್ದು, ಅದರಲ್ಲಿ ಅವರು ಯಾರ ಮೇಲೋ ಸಿಟ್ಟಾಗಿದ್ದಾರೆ. ಅಮ್ಮ ಪಡಸಾಲೆಯಲ್ಲಿ ಕುಳಿತು ಮೊರದಲ್ಲಿ ಅವರೆಕಾಳು ಹಸನು ಮಾಡುತ್ತಿದ್ದಳು. ನಾನು ಫೋನಿನಲ್ಲಿ ಹಳೆಯ ಚಿತ್ರಗಳನ್ನು ಒಂದೊಂದಾಗಿ ತೋರಿಸಿದೆ. ಆ ಒಂದನ್ನು ಬೇಗ ದಾಟಿಸಿಬಿಟ್ಟೆ. ಅಮ್ಮ ಕೈ ಅಡ್ಡ ಹಿಡಿದಳು.

“ಹಿಂದುಕ್ ಹೋಗು. ಅದೇ ಇರ್ಲಿ. ನಗ್ತಾವ್ರೆ.”

“ಕೈಲಿ ಬೀಡಿ ಇದೆಯಲ್ಲಮ್ಮ.”

“ಅಳಿಸ್ತಾರಂತೆ ಕಣೇ, ಸ್ಟುಡಿಯೋದಲ್ಲಿ. ಪಕ್ಕದ ಮನೆಯೋರ್ದು ಹಂಗೇ ಮಾಡ್ಕೊಟ್ಟವ್ರೆ. ಹೆಗಲ ಮ್ಯಾಲಿನ ಟವಲೂ ಬದಲಾಯ್ಸವ್ರೆ.”

“ಹೊಗೆ?”

“ಅದೂ ಹೋಯ್ತದೆ.”

ಅಮ್ಮ ಮತ್ತೆ ಮೊರ ಹಿಡಿದಳು. ಪಡಸಾಲೆ ಈಗಲೂ ಎತ್ತರವಾಗಿ, ಬೆಳಕಾಗಿದೆ. ತೊಲೆ ಕೂರಿಸಿದ್ದ ಗೋಡೆಯ ತೂತುಗಳಿಗೆ ಸಿಮೆಂಟ್ ಮೆತ್ತಿದ ಗುರುತು ಸಾಲಾಗಿ ಕಾಣುತ್ತದೆ. ಅದನ್ನು ನೋಡುತ್ತಿದ್ದಾಗ ನನಗೆ ಒಂದು ಹಳೆಯದು ನೆನಪಾಯಿತು. ನೆನಪೋ ಅಲ್ಲವೋ ಎಂದು ಕೇಳಿಯೇ ತಿಳಿಯಬೇಕಿತ್ತು. ನಾನು ನಾಲ್ಕೈದು ವರ್ಷದವಳಿದ್ದಾಗ, ಅಪ್ಪ ತೋಟದಿಂದ ಬಂದು ಆಗಿದ್ದ ಹಳೆಯ ಕೋಣೆಯಲ್ಲಿ ಬೀಡಿ ಹಚ್ಚಿ ಕುಳಿತರೆಂದರೆ, ಅಮ್ಮ ನಾನು ಮಲಗಿದ್ದ ಚಾಪೆಯನ್ನು ನನ್ನ ಸಮೇತ ಎಳೆದುಕೊಂಡು ಅಡುಗೆಮನೆಗೆ ಹೋಗುತ್ತಿದ್ದಳು. ಚಾಪೆ ನೆಲಕ್ಕೆ ಉಜ್ಜುವ ಸದ್ದು, ಆರಿದ ಒಲೆಯ ಬೂದಿಯ ವಾಸನೆ, ತಲೆಯ ಹತ್ತಿರ ಅಮ್ಮನ ಕಾಲುಂಗುರ. ಪ್ರತಿ ದಿನ.

“ನನ್ನ ಅಡುಗೆಮನೆಗೆ ಎಳ್ಕೊಂಡು ಹೋಗ್ತಿದ್ದೆ ಅಲ್ವಾ?” ಎಂದೆ.

“ಹೂಂ.”

“ಯಾಕಮ್ಮ?”

“ಬೆಚ್ಚಗಿರ್ಲಿ ಅಂತ.”

“ಬೇಸಿಗೇಲೂ?”

ಅಮ್ಮ ಮೊರವನ್ನು ಎರಡು ಸಲ ಕೇರಿದಳು. ಹೊಟ್ಟು ನನ್ನ ಕಡೆ ಹಾರಿತು. ಅವಳ ಕೈ ಅಷ್ಟು ವರ್ಷಗಳಿಂದ ಮಾಡುತ್ತಾ ಬಂದ ಕೆಲಸ, ತಪ್ಪುವುದಿಲ್ಲ. ಅಂದು ಒಂದು ಹಿಡಿ ಕಾಳು ಹೊರಗೆ ಚೆಲ್ಲಿತು. ಅದನ್ನು ಅವಳು ಒಂದೊಂದಾಗಿ ಆರಿಸತೊಡಗಿದಳು.

ಆಗ ನಾನು ಕೇಳಿದೆ. ಕೇಳುವ ಹಕ್ಕು ನನಗೆ ಎಷ್ಟಿತ್ತೋ, ಅದೇ ಪ್ರಶ್ನೆಯನ್ನು ನನಗೇ ನಾನು ಇನ್ನೂ ನೇರವಾಗಿ ಕೇಳಿಕೊಂಡಿಲ್ಲ. ತಿಂಗಳಾಯಿತು. ಅಮ್ಮ ಅಂದು ಮೊರ ಎತ್ತಿಕೊಂಡು ಒಳಗೆ ಹೋದವಳು, ಆಮೇಲೆ ಮೂರು ಸಲ ಫೋನಿನಲ್ಲಿ ಮಾತಾಡಿದ್ದಾಳೆ. ಮಳೆ, ಕಾಯಿ, ಮಗಳ ಕೆಮ್ಮು ಎಲ್ಲವನ್ನೂ ವಿಚಾರಿಸಿದ್ದಾಳೆ.

“ಅಮ್ಮ, ಅಪ್ಪ ಅಟ್ಟ ಬಿಚ್ಚಿಸ್ತಿದ್ದಾಗ, ನೀನು ಮಗೂನ ಕೋಣೆಯೊಳಗೆ ಇಟ್ಕೊಂಡು ಬಾಗಿಲು ಹಾಕ್ಕೊಂಡಿದ್ಯಲ್ಲ, ಆಗ್ಲೇ ನಿಂಗೆ ಗೊತ್ತಿತ್ತಾ, ಅಟ್ಟ ಅಲ್ಲ ಅಂತ?”